ಆಟದ ರೈಲು, ಟೆಲಿಫೋನ್ ತಂತಿ ಮತ್ತು ಹ್ಯಾಕರ್ ಎಂಬ ಹೆಸರು

(ಮುಂಬೈಯ ಮಾಟುಂಗದಲ್ಲಿ ಕನ್ನಡಿಗರ ಸಂಜೆ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಡೊಂಬಿವಲಿಯಿಂದ ಬಂದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಅಬ್ಬಾ, ಅರ್ಧ ಸಭೆಯೇ ಅಲ್ಲಿಯದು! ಹಾಗಿದ್ದರೆ ‘ಡೌನ್ ಹೋಗಿ ಬರೋದು’ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಬೆಳಗ್ಗೆ ಎಂಟು ಗಂಟೆಗೆ ಡೊಂಬಿವಲಿಯಲ್ಲಿ ಮುಂಬೈಯ ಮುಖ್ಯ ನಿಲ್ದಾಣವಾದ ಸಿಎಸ್‌ಎಂಟಿಯ ಗಾಡಿ ಹತ್ತಿದರೆ ಸೀಟಿನ ಮಾತು ಬಿಡಿ, ಕಾಲೂರಲು ಜಾಗ ಸಿಕ್ಕರೆ ಪುಣ್ಯ. ಅದಕ್ಕೇ ಕೆಲವರು ಉಲ್ಟಾ ದಿಕ್ಕಿನ ಗಾಡಿ ಹತ್ತಿ ಕಲ್ಯಾಣಕ್ಕೆ ಹೋಗುತ್ತಾರೆ. ಅಲ್ಲಿ ಇಳಿಯುವುದೇ ಇಲ್ಲ. ಅದೇ ಗಾಡಿ ತಿರುಗಿ ಸಿಎಸ್‌ಎಂಟಿಗೆ ಹೊರಡುತ್ತದೆ, ಇವರು ಕಿಟಕಿ ಪಕ್ಕ ಕೂತು ನಿದ್ದೆ ಹೊಡೆಯುತ್ತಾ ಬರುತ್ತಾರೆ. ಇದಕ್ಕೆ ಟೈಮ್‌ಟೇಬಲ್ ಬಾಯಿಪಾಠ ಇರಬೇಕು. ಯಾವ ಗಾಡಿ ಕಲ್ಯಾಣದಲ್ಲಿ ತಿರುಗುತ್ತದೆ, ಯಾವುದು ಕಸಾರಾ ಕಡೆ ಮುಂದೆ ಹೋಗಿಬಿಡುತ್ತದೆ ಅಂತ ಗೊತ್ತಿರಬೇಕು. ಪಾಸು ಡೊಂಬಿವಲಿವರೆಗೆ ಮಾತ್ರ ಇದ್ದು ಟಿಸಿ ಕೈಗೆ ಸಿಕ್ಕರೆ ದಂಡವೂ ಉಂಟು.

ಹ್ಯಾಕ್ ಅಂದರೆ ಹೆಚ್ಚುಕಮ್ಮಿ ಇದೇ. ಒಂದು ವ್ಯವಸ್ಥೆಯನ್ನು ಅದನ್ನು ನಡೆಸುವವರಿಗಿಂತ ಜಾಸ್ತಿ ಗಮನಿಸಿ ನೋಡುವುದು. ಅದನ್ನು ಕಟ್ಟಿದವರು ಯೋಚಿಸದೇ ಇದ್ದ ರೀತಿಯಲ್ಲಿ ಬಳಸುವುದು. ಅದಕ್ಕೆ ತಮ್ಮೊಳಗೇ ಒಂದು ಹೆಸರು ಇಟ್ಟುಕೊಳ್ಳುವುದು. ಎಲ್ಲೋ ಒಂದು ಕಡೆ ಅದು ತಪ್ಪಿನ ಗೆರೆಗೆ ತಾಗಿಕೊಂಡೇ ಇರುವುದು. ಕೊನೆಯದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಹ್ಯಾಕರ್‌ಗಳ ಬಗ್ಗೆ ಅಭಿಮಾನದಿಂದ ಮಾತಾಡುವವರು ಆ ಗೆರೆಯ ವಿಷಯ ಬಂದಾಗ ಸುಮ್ನೆ ಜಾರಿಕೊಳ್ಳುತ್ತಾರೆ.

ಈ ಹೆಸರು ಹುಟ್ಟಿದ್ದೂ ರೈಲಿನ ಹತ್ತಿರವೇ, ಆದರೆ ಆಟದ ರೈಲು. ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1946ರಲ್ಲಿ ಶುರುವಾದ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ ಅಂತ ಒಂದಿತ್ತು. ಈಗಲೂ ಇದೆ. ವಿದ್ಯಾರ್ಥಿಗಳು ದೊಡ್ಡ ಹಲಗೆಯ ಮೇಲೆ ಪುಟ್ಟ ಹಳಿ ಹಾಕಿ ರೈಲು ಓಡಿಸುತ್ತಿದ್ದರು. ಅವರಲ್ಲೇ ಎರಡು ಗುಂಪು. ಒಂದು ಗುಂಪಿಗೆ ಡಬ್ಬಿ, ಸೇತುವೆ, ಗುಡ್ಡಗಳಿಗೆ ಬಣ್ಣ ಬಳಿಯುವ ಹುಚ್ಚು. ಇನ್ನೊಂದು ಗುಂಪು ಹಲಗೆಯ ಕೆಳಗೆ ಮಲಗಿಕೊಂಡು ತಂತಿ, ರಿಲೇ (ಕರೆಂಟಿನಿಂದ ತಾನೇ ಆನ್-ಆಫ್ ಆಗುವ ಸ್ವಿಚ್ಚು), ಸ್ವಿಚ್ಚುಗಳ ಜೊತೆ ಒದ್ದಾಡುತ್ತಿತ್ತು. ಯಾವ ರೈಲು ಯಾವ ಹಳಿಗೆ ಹೋಗಬೇಕು ಅನ್ನುವ ನಿಯಂತ್ರಣವೆಲ್ಲ ಅಲ್ಲಿಯದು. ಆ ರಿಲೇಗಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬಳಸುವ ಸಾಮಾನು, ದಾನವಾಗಿ ಬಂದದ್ದು. ಹಲಗೆಯ ಕೆಳಗಿದ್ದ ಈ ಹುಡುಗರೇ ಮೊದಲ ಹ್ಯಾಕರ್‌ಗಳು.

1959ರಲ್ಲಿ ಅವರಲ್ಲೊಬ್ಬ, ಪೀಟರ್ ಸ್ಯಾಮ್ಸನ್, ಕ್ಲಬ್ಬಿನ ಮಾತುಗಳ ಒಂದು ಪುಟ್ಟ ನಿಘಂಟು ಮಾಡಿದ. ಅದರಲ್ಲಿ ಹ್ಯಾಕ್‌ಗೆ ಕೊಟ್ಟ ಮೊದಲ ಅರ್ಥ ಕೇಳಿದರೆ ನಗು ಬರುತ್ತದೆ. ಉಪಯೋಗಕ್ಕೆ ಬರಬೇಕೆಂಬ ಉದ್ದೇಶವೇ ಇಲ್ಲದೆ ಮಾಡಿದ ಕೆಲಸ ಅಂತ! ಕಂಪ್ಯೂಟರಿನ ಸುದ್ದಿಯಿಲ್ಲ, ಕಳ್ಳತನದ ಸುದ್ದಿಯೂ ಇಲ್ಲ. ಪರೀಕ್ಷೆಗೆ ಓದಬೇಕಾದ ಹೊತ್ತಲ್ಲಿ ರಿಲೇ ಜೋಡಿಸುತ್ತಾ ಕೂತವರು ತಮ್ಮನ್ನೇ ಗೇಲಿ ಮಾಡಿಕೊಂಡದ್ದು ಅದು.

ಅಷ್ಟರಲ್ಲಿ ಎಂಐಟಿಗೆ ಟಿಎಕ್ಸ್-0 ಎಂಬ ಕಂಪ್ಯೂಟರ್ ಬಂದಿತ್ತು, 1961ರಲ್ಲಿ ಪಿಡಿಪಿ-1 ಬಂತು. ಹಲಗೆಯ ಕೆಳಗಿದ್ದವರು ಎದ್ದು ಬಂದು ಕಂಪ್ಯೂಟರಿನ ಮುಂದೆ ಕೂತರು. ಹಗಲು ಹೊತ್ತಲ್ಲಿ ದೊಡ್ಡವರಿಗೆ ಯಂತ್ರ ಬೇಕು, ಹಾಗಾಗಿ ಇವರದು ರಾತ್ರಿ ಪಾಳಿ. ಇದೇ ಪಿಡಿಪಿ-1ರಲ್ಲಿ 1962ರಲ್ಲಿ ಸ್ಪೇಸ್‌ವಾರ್ ಎಂಬ ಆಟ ಹುಟ್ಟಿತು. ಸ್ಟೀವ್ ರಸೆಲ್ ಮತ್ತು ಗೆಳೆಯರು ಬರೆದರು, ಪುಕ್ಕಟೆ ಹಂಚಿದರು.

ಈ ಗುಂಪಿನ ಭಾಷೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಬುದ್ಧಿ ಹೇಗೆ ಓಡುತ್ತಿತ್ತು ಅನ್ನುವುದು ಅಲ್ಲೇ ಕಾಣುತ್ತದೆ. ಅವರು ಬಳಸುತ್ತಿದ್ದ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡುವ ಫಂಕ್ಷನ್ನಿನ ಹೆಸರು ‘ಪಿ’ ಅಕ್ಷರದಿಂದ ಮುಗಿಯುತ್ತದೆ. ಹುಡುಗರು ಅದನ್ನು ಬಾಯಿಮಾತಿಗೆ ತಂದರು. ಊಟಕ್ಕೆ ಕರೆಯಬೇಕಾದರೆ ಬಾಗಿಲಲ್ಲಿ ನಿಂತು ‘ಫುಡ್-ಪಿ?’ ಅನ್ನುವುದು. ಬರುತ್ತೇನೆ ಅನ್ನುವವನು ‘ಟಿ’ ಅನ್ನುತ್ತಾನೆ, ಒಲ್ಲೆ ಅನ್ನುವವನು ‘ನಿಲ್’. ಲಿಸ್ಪ್‌ನಲ್ಲಿ ನಿಜ ಮತ್ತು ಸುಳ್ಳಿಗೆ ಅವೇ ಸಂಕೇತ. ಕನ್ನಡಿಗರಿಗೆ ಇದು ವಿಚಿತ್ರ ಅನ್ನಿಸಬಾರದು. ನಾವೂ ‘ಊಟಾನಾ?’ ಅಂತ ಪದದ ಬಾಲಕ್ಕೇ ಪ್ರಶ್ನೆ ಕಟ್ಟುವವರು. ಒಮ್ಮೆ ಬಿಲ್ ಗಾಸ್ಪರ್ ಎಂಬಾತನಿಗೆ ಹೋಟೆಲಿನಲ್ಲಿ ಒಂದು ಸೂಪನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವ ಆಸೆಯಾಯಿತಂತೆ. ಆತ ಕೇಳಿದ್ದು: ‘ಸ್ಪ್ಲಿಟ್-ಪಿ ಸೂಪ್?’ ಅಮೆರಿಕದ ಹೋಟೆಲುಗಳಲ್ಲಿ ಒಡೆದ ಬಟಾಣಿಯ ಸೂಪಿನ ಹೆಸರೂ ಹಾಗೇ ಕೇಳಿಸುತ್ತದೆ. ನಮ್ಮ ಒನ್ ಬೈ ಟೂ ಕೂಡ ಲೆಕ್ಕದ ಪುಸ್ತಕದಿಂದಲೇ ಎದ್ದು ಬಂದದ್ದು, ಅಲ್ವಾ?

ಇಂಥ ಮಾತುಗಳನ್ನು 1975ರಲ್ಲಿ ಸ್ಟ್ಯಾನ್‌ಫರ್ಡ್‌ನ ರಾಫೆಲ್ ಫಿಂಕೆಲ್ ಒಂದು ಫೈಲಿನಲ್ಲಿ ಕೂಡಿಡತೊಡಗಿದರು. ಅದಕ್ಕೆ ಜಾರ್ಗನ್ ಫೈಲ್ ಎಂದೇ ಹೆಸರು. ಜಾರ್ಗನ್ ಅಂದರೆ ಒಂದು ಗುಂಪಿನ ಒಳಮಾತು. ಅದರಲ್ಲಿ ‘ಕ್ಲೂಜ್’ ಅಂತ ಒಂದಿದೆ. ಹೇಗೋ ತಂತಿ ಸುತ್ತಿ, ಅಂಟು ಮೆತ್ತಿ, ಇವತ್ತಿನ ಮಟ್ಟಿಗೆ ನಡೆಯುವಂತೆ ಮಾಡಿದ್ದು ಕ್ಲೂಜ್. ಮುಂಬೈಯಲ್ಲಿ ನಾವೆಲ್ಲ ಜುಗಾಡ್ ಅನ್ನುತ್ತೇವಲ್ಲ, ಅದು. ಹ್ಯಾಕ್ ಅಂದರೆ ಜುಗಾಡ್ ತಾನೇ ಅಂತ ಎಷ್ಟೋ ಜನ ನನಗೆ ಹೇಳುತ್ತಾರೆ. ಆ ಹುಡುಗರು ಒಪ್ಪುತ್ತಿರಲಿಲ್ಲ. ಜುಗಾಡ್ ಮಾಡುವವನಿಗೆ ಕೆಲಸ ಆದರೆ ಸಾಕು. ಹ್ಯಾಕ್ ಮಾಡುವವನಿಗೆ ಅದು ಯಾಕೆ ಆಯಿತು ಅಂತ ಗೊತ್ತಾಗದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಇದಕ್ಕೆ ಒಂದು ಒಳ್ಳೆಯ ಕಥೆಯಿದೆ. ಎಂಐಟಿಯ ಎಐ ಲ್ಯಾಬಿನ ಪಿಡಿಪಿ-10 ಕಂಪ್ಯೂಟರಿನ ಕಪಾಟಿನ ಬದಿಯಲ್ಲಿ ಯಾರೋ ಒಂದು ಪುಟ್ಟ ಸ್ವಿಚ್ ಅಂಟಿಸಿದ್ದರು. ಒಂದು ಕಡೆ ಪೆನ್ಸಿಲಿನಲ್ಲಿ ‘ಮ್ಯಾಜಿಕ್’, ಇನ್ನೊಂದು ಕಡೆ ‘ಇನ್ನೂ ಜಾಸ್ತಿ ಮ್ಯಾಜಿಕ್’ ಅಂತ ಬರೆದಿತ್ತು. ಸ್ವಿಚ್ಚು ಜಾಸ್ತಿ ಮ್ಯಾಜಿಕ್ ಕಡೆ ಇತ್ತು. ಗೈ ಸ್ಟೀಲ್ ಎಂಬವರು ಬಗ್ಗಿ ನೋಡಿದರೆ ಸ್ವಿಚ್ಚಿಗೆ ಬಂದದ್ದು ಒಂದೇ ತಂತಿ. ಒಂದೇ ತಂತಿಯಿದ್ದರೆ ಸ್ವಿಚ್ಚು ಏನೂ ಮಾಡಲಾರದು, ಐಟಿಐ ಹುಡುಗನಿಗೂ ಗೊತ್ತು. ಯಾರೋ ತಮಾಷೆಗೆ ಇಟ್ಟದ್ದು ಅಂತ ಒತ್ತಿದರು. ಕಂಪ್ಯೂಟರ್ ಮಲಗಿಬಿಟ್ಟಿತು! ಕಾಕತಾಳೀಯ ಅಂದುಕೊಂಡು, ಮತ್ತೆ ಜಾಸ್ತಿ ಮ್ಯಾಜಿಕ್ ಕಡೆ ತಿರುಗಿಸಿ ಯಂತ್ರ ಶುರು ಮಾಡಿದರು. ಎಷ್ಟೋ ತಿಂಗಳಾದ ಮೇಲೆ ಇನ್ನೊಬ್ಬ ನಂಬದವನ ಮುಂದೆ ಒತ್ತಿ ತೋರಿಸಿದರು. ಮತ್ತೆ ಮಲಗಿತು. ಆ ತಂತಿ ಹೋಗಿದ್ದು ಕಂಪ್ಯೂಟರಿನ ಒಂದು ಗ್ರೌಂಡ್ (ಅರ್ಥಿಂಗ್) ಪಿನ್ನಿಗೆ. ಸ್ವಿಚ್ಚಿನ ಲೋಹದ ಮೈ ಕಪಾಟಿಗೆ ತಾಗಿದ್ದಿರಬೇಕು, ಎರಡು ಗ್ರೌಂಡುಗಳ ನಡುವೆ ಸ್ವಲ್ಪ ವ್ಯತ್ಯಾಸ ಇದ್ದಿರಬೇಕು ಅಂತ ಆಮೇಲೆ ಒಂದು ವಿವರಣೆ ಬಂತು. ಖಚಿತ ಉತ್ತರ ಸಿಗಲೇ ಇಲ್ಲ. ಸ್ವಿಚ್ಚನ್ನು ಕಿತ್ತರು. ನೆಟ್‌ವರ್ಕ್ ಕೆಲಸ ಮಾಡುವ ನನ್ನಂಥವನಿಗೆ ಈ ಕಥೆ ಪುರಾಣ ಇದ್ದ ಹಾಗೆ. ‘ಹಾಗಾಗಲು ಸಾಧ್ಯವೇ ಇಲ್ಲ’ ಅಂತ ಯಾರಾದರೂ ಅಂದ ತಕ್ಷಣ ನನಗೆ ನೆನಪಾಗುವುದು ಆ ಸ್ವಿಚ್ಚು.

ಈಗ ಗೆರೆಯ ವಿಷಯಕ್ಕೆ ಬರೋಣ. ಹ್ಯಾಕರ್ ಅಭಿಮಾನಿಗಳು ಒಂದು ಕಥೆ ಹೇಳುತ್ತಾರೆ. ಮೊದಲು ಹ್ಯಾಕರ್‌ಗಳೆಲ್ಲ ಸಾಧುಗಳು, ಆಮೇಲೆ ಪತ್ರಿಕೆಗಳು ಹೆಸರು ಕೆಡಿಸಿದವು, ಕನ್ನ ಹಾಕುವವನಿಗೆ ಕ್ರ್ಯಾಕರ್ ಅನ್ನಬೇಕು, ಹ್ಯಾಕರ್ ಅನ್ನಬಾರದು. ಕ್ರ್ಯಾಕರ್ ಎಂಬ ಪದವನ್ನು 1985ರ ಸುಮಾರಿಗೆ ಹ್ಯಾಕರ್‌ಗಳೇ ಹೊಸೆದರು. ನನಗೆ ಈ ಕಥೆ ಅಷ್ಟು ಹಿಡಿಸುವುದಿಲ್ಲ. 1963ರ ನವೆಂಬರಿನಲ್ಲೇ ಎಂಐಟಿಯ ವಿದ್ಯಾರ್ಥಿ ಪತ್ರಿಕೆ ಹ್ಯಾಕರ್‌ಗಳ ಮೇಲೆ ದೂರು ಅಚ್ಚು ಹಾಕಿತ್ತು. ಹ್ಯಾಕರ್ ಎಂಬ ಹೆಸರು ಅಚ್ಚಿನಲ್ಲಿ ಸಿಗುವ ತೀರಾ ಹಳೆಯ ಉದಾಹರಣೆಗಳಲ್ಲಿ ಅದೂ ಒಂದು. ಏನು ದೂರು? ಇವರು ಎಂಐಟಿಗೂ ಹಾರ್ವರ್ಡ್‌ಗೂ ನಡುವಿನ ಟೆಲಿಫೋನ್ ಲೈನುಗಳನ್ನೆಲ್ಲ ಒಮ್ಮೆಲೇ ಬ್ಯುಸಿ ಮಾಡಿಬಿಟ್ಟರು. ದೂರದ ಊರುಗಳಿಗೆ ಫೋನ್ ಮಾಡಿ ಬಿಲ್ಲನ್ನು ಒಂದು ರಾಡಾರ್ ಕೇಂದ್ರದ ತಲೆಗೆ ಕಟ್ಟಿದರು. ಪಿಡಿಪಿ-1 ಕಂಪ್ಯೂಟರನ್ನೇ ಫೋನಿಗೆ ಜೋಡಿಸಿ, ಹೊರಗಿನ ಲೈನು ಸಿಗುವವರೆಗೂ ಅದರಿಂದ ಹುಡುಕಿಸಿದರು. ಆಟದ ರೈಲಿಗೆ ಟೆಲಿಫೋನ್ ರಿಲೇ ಜೋಡಿಸಿ ಕೈ ಪಳಗಿದ ಕ್ಯಾಂಪಸ್ಸಿನಲ್ಲಿ ಇನ್ನೇನಾಗುತ್ತದೆ ಹೇಳಿ. ಕುತೂಹಲವೂ ಕಿತಾಪತಿಯೂ ಮೊದಲಿಂದಲೂ ಒಂದೇ ಮನೆಯಲ್ಲಿ ಇದ್ದವು.

ಹಾಗಾದರೆ ವ್ಯತ್ಯಾಸ ಎಲ್ಲಿ? ನನ್ನ ಪ್ರಕಾರ ಗೊತ್ತುಮಾಡಿಕೊಂಡದ್ದನ್ನು ಏನು ಮಾಡಿದರು ಅನ್ನುವುದರಲ್ಲಿ. 1983ರ ಸೆಪ್ಟೆಂಬರ್ ತಿಂಗಳೊಂದನ್ನೇ ನೋಡಿ. ಅಮೆರಿಕದ ಮಿಲ್ವಾಕಿಯಲ್ಲಿ ‘414’ ಎಂಬ ಹುಡುಗರ ಗುಂಪಿತ್ತು. ಅದು ಅವರ ಊರಿನ ಎಸ್‌ಟಿಡಿ ಕೋಡು. ಲಾಸ್ ಅಲಾಮೋಸ್ ಅಣು ಪ್ರಯೋಗಾಲಯ, ನ್ಯೂಯಾರ್ಕಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಮುಂತಾದ ಕಡೆಯ ಕಂಪ್ಯೂಟರುಗಳಿಗೆ ಇವರು ನುಗ್ಗಿದ್ದರು. ಅವರಲ್ಲೊಬ್ಬ ಹುಡುಗನ ಫೋಟೋ ಆ ತಿಂಗಳ ಮೊದಲ ವಾರ ನ್ಯೂಸ್‌ವೀಕ್ ಮುಖಪುಟಕ್ಕೆ ಬಂತು. ಹ್ಯಾಕರ್ ಎಂಬ ಹೆಸರು ಮನೆಮನೆಗೆ ತಲುಪಿದ್ದು ಹಾಗೆ. ಅದೇ ತಿಂಗಳ 27ರಂದು ಎಂಐಟಿಯ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಪ್ರಕಟಿಸಿದರು. ಯಾರು ಬೇಕಾದರೂ ಬಿಚ್ಚಿ ನೋಡಿ, ತಿದ್ದಿ, ಹಂಚಬಹುದಾದ ತಂತ್ರಾಂಶ ಕಟ್ಟುವ ಯೋಜನೆ ಅದು. ಅವರ ಸಿಟ್ಟಿಗೆ ಒಂದು ಕಾರಣ ಪ್ರಿಂಟರು. ಲ್ಯಾಬಿನ ಹಳೆಯ ಪ್ರಿಂಟರಿನ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಕೈಯಲ್ಲಿ ಇದ್ದದ್ದರಿಂದ, ಕಾಗದ ಸಿಕ್ಕಿಕೊಂಡರೆ ಕಾಯುತ್ತಾ ಕೂತವರ ಪರದೆಗೆ ಸುದ್ದಿ ಹೋಗುವಂತೆ ಅವರು ಮಾಡಿಟ್ಟಿದ್ದರು. ಜೆರಾಕ್ಸ್ ಕಂಪನಿಯ ಹೊಸ ಪ್ರಿಂಟರ್ ಬಂತು, ಕೋಡ್ ಬರಲಿಲ್ಲ. ಕೋಡ್ ಇಟ್ಟುಕೊಂಡಿದ್ದ ಇನ್ನೊಂದು ವಿಶ್ವವಿದ್ಯಾಲಯದವರನ್ನು ಕೇಳಿದರೆ, ಕೊಡುವುದಿಲ್ಲ ಎಂದು ಸಹಿ ಹಾಕಿದ್ದೇನೆ ಅಂದರು. ಆ ಸಿಟ್ಟು ಬೆಳೆಯುತ್ತಾ ಹೋದದ್ದರ ಫಲವನ್ನು ಇವತ್ತು ನಾವೆಲ್ಲ ಉಣ್ಣುತ್ತಿದ್ದೇವೆ. 1991ರಲ್ಲಿ ಬಂದ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಕೂಡ ಗ್ನೂ ಲೈಸೆನ್ಸಿನಲ್ಲೇ ಹಂಚಿಕೆಯಾಗುತ್ತಿದೆ. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಅದೇ ಲಿನಕ್ಸ್.

ಸರಿ, ಮುಂಬೈಗೆ ಬರೋಣ. ಇಲ್ಲಿ ಜುಹುವಿನ ಎನ್‌ಸಿಎಸ್‌ಟಿ ಎಂಬ ತಂತ್ರಾಂಶ ಸಂಸ್ಥೆ, ಪೊವಾಯಿಯ ಐಐಟಿಯಂಥ ಕಡೆಯವರಿಗೆ ಶಿಕ್ಷಣ-ಸಂಶೋಧನಾ ಸಂಸ್ಥೆಗಳ ಜಾಲವಾದ ಅರ್ನೆಟ್ ಮೂಲಕ 1980ರ ದಶಕದಲ್ಲೇ ಇಮೇಲ್ ಸಿಕ್ಕಿತ್ತು. ಸಾಮಾನ್ಯ ಜನಕ್ಕೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್‌ನಿಂದ. ಚಿತ್ರ ಕಾಣುವ ಅಕೌಂಟಿಗೆ ರೇಟು ಜಾಸ್ತಿ. ವಿದ್ಯಾರ್ಥಿಗಳಿಗೆ ಅಗ್ಗದ ಶೆಲ್ ಅಕೌಂಟ್, ಬರೀ ಅಕ್ಷರ. ನಿಮ್ಮ ಪಿಸಿ ನೆಟ್ಟಿನಲ್ಲಿ ಇರುವುದೇ ಇಲ್ಲ, ದೂರದ ದೊಡ್ಡ ಯಂತ್ರ ಕಳಿಸಿದ ಅಕ್ಷರವನ್ನು ತೋರಿಸುತ್ತದೆ ಅಷ್ಟೆ. ಇಂಥ ಅಕೌಂಟುಗಳಿಗೆಂದೇ ಸ್ಲರ್ಪ್ ಎಂಬ ಪುಕ್ಕಟೆ ಪ್ರೋಗ್ರಾಂ ಬಂದಿತ್ತು. ಅದನ್ನು ದೂರದ ಯಂತ್ರದಲ್ಲಿ ನಿಮ್ಮ ಅಕೌಂಟಿನೊಳಗೇ ಓಡಿಸಬೇಕು. ಮನೆಯ ಪಿಸಿ ಕಳಿಸಿದ ಪ್ಯಾಕೆಟನ್ನು (ಮಾಹಿತಿಯ ತುಣುಕನ್ನು) ಅದು ಇಸಿದುಕೊಂಡು, ತನ್ನದೇ ಕೋರಿಕೆ ಎಂಬಂತೆ ಹೊರಗೆ ಕಳಿಸುತ್ತದೆ. ಬಂದ ಉತ್ತರವನ್ನು ಮನೆಗೆ ದಾಟಿಸುತ್ತದೆ. ನಮ್ಮ ಹುಡುಗರೂ ಇಂಥ ದಾರಿ ಹುಡುಕಿಕೊಂಡರು. ಅಗ್ಗದ ಅಕೌಂಟಿನಲ್ಲೇ ನೆಟ್‌ಸ್ಕೇಪ್ ಬ್ರೌಸರ್ ತೆರೆದು ಚಿತ್ರ ನೋಡಿದರು. ಯಾರ ಪಾಸ್‌ವರ್ಡನ್ನೂ ಮುರಿಯಲಿಲ್ಲ. ನಿಯಮ ಒಪ್ಪುತ್ತಿತ್ತೇ ಅಂದರೆ, ಅದು ಕಲ್ಯಾಣದ ಪಾಸಿನ ಲೆಕ್ಕ.

ಹೊಸಬರು ನೆಟ್ಟಿಗೆ ನುಗ್ಗಿದಾಗ ಹಳಬರು ಮುಖ ಸಿಂಡರಿಸುವುದು ಎಲ್ಲ ಕಡೆ ಇದ್ದದ್ದೇ. ಅಮೆರಿಕದಲ್ಲಿ ಪ್ರತಿ ಸೆಪ್ಟೆಂಬರಿಗೆ ಕಾಲೇಜಿಗೆ ಹೊಸ ಹುಡುಗರು ಬರುತ್ತಿದ್ದರು, ನೆಟ್ಟಿನಲ್ಲಿ ಒಂದು ತಿಂಗಳು ಗಲಾಟೆ ಮಾಡಿ ಆಮೇಲೆ ರೀತಿನೀತಿ ಕಲಿಯುತ್ತಿದ್ದರು. 1993ರಿಂದ ಮನೆಮನೆಯ ಜನವೇ ಬರತೊಡಗಿದರು. ಆ ಸೆಪ್ಟೆಂಬರ್ ಇನ್ನೂ ಮುಗಿದಿಲ್ಲ ಅಂತ ಹಳಬರ ಗೊಣಗಾಟ. ಏನಾದರೂ ಕೇಳಿದರೆ ‘ಮ್ಯಾನ್ಯುಅಲ್ ಓದೋ’ ಅಂತ ಬೈಗುಳ ಸೇರಿಸಿ ನಾಲ್ಕಕ್ಷರದಲ್ಲಿ ಉತ್ತರ ಕೊಡುವುದೂ ಅವರ ಪದ್ಧತಿಯೇ. ಈ ಒರಟುತನ ನನಗೆ ಇಷ್ಟವಿಲ್ಲ. ವಿದ್ಯೆಯನ್ನು ಹಂಚಬೇಕು ಅಂತ ಬಾಯಲ್ಲಿ ಹೇಳಿ, ಕೇಳಿದವನ ಮುಖಕ್ಕೆ ಹೊಡೆದಂತೆ ಮಾತಾಡಿದರೆ ಹೇಗೆ?

ಇನ್ನು ಅಕ್ಷರದ ಜಾಗದಲ್ಲಿ ಅಂಕಿ ಹಾಕಿ ಬರೆಯುವ ಶೋಕಿ. ಇಂಗ್ಲಿಷಿನ ‘ಓ’ ಬದಲು ಸೊನ್ನೆ, ‘ಇ’ ಬದಲು ಮೂರು. ಇದು ಸುಮ್ನೆ ಹುಡುಗಾಟ ಅಂದುಕೊಂಡಿದ್ದ ನಮ್ಮ ಊರಿಗೆ 1998ರಲ್ಲಿ ಬಿಸಿ ತಾಗಿತು. ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆ ಆಯಿತು. ಜೂನ್ ಮೊದಲ ವಾರದಲ್ಲೇ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ಸರ್ವರುಗಳಿಗೆ ಮಿಲ್ವರ್ಮ್ ಎಂಬ ಗುಂಪು ನುಗ್ಗಿತು. ಹೆಸರಿನಲ್ಲಿ ‘ಓ’ ಇಲ್ಲ, ಸೊನ್ನೆ ಇದೆ. ಬೇರೆ ಬೇರೆ ದೇಶದ ಹದಿಹರೆಯದ ಹುಡುಗರು. ವಿಜ್ಞಾನಿಗಳ ಇಮೇಲ್ ಎತ್ತಿಕೊಂಡರು, ವೆಬ್ ಪುಟದಲ್ಲಿ ಅಣುಬಾಂಬಿನ ವಿರುದ್ಧ ಬರೆದು ಹೋದರು. ಅವರ ಉದ್ದೇಶಕ್ಕೆ ತಲೆದೂಗುವವರು ಇಲ್ಲೂ ಇರಬಹುದು. ಇನ್ನೊಬ್ಬರ ಇಮೇಲ್ ಎತ್ತಿದವನನ್ನು ನಾನಂತೂ ಆ ರೈಲು ಕ್ಲಬ್ಬಿನವರ ಸಾಲಿನಲ್ಲಿ ಕೂರಿಸಲಾರೆ.

ನಮ್ಮ ಕಾನೂನು ಈ ಹೆಸರಿನ ಜೊತೆ ಆಡಿದ ಆಟವೂ ಸ್ವಾರಸ್ಯದ್ದು. 2000ದ ಐಟಿ ಕಾಯ್ದೆಯ 66ನೇ ಸೆಕ್ಷನ್ನಿನ ತಲೆಬರಹದಲ್ಲೇ ಹ್ಯಾಕಿಂಗ್ ಎಂದಿತ್ತು, ಮೂರು ವರ್ಷದವರೆಗೆ ಜೈಲು. 2008ರ ತಿದ್ದುಪಡಿಯಲ್ಲಿ ಆ ಪದವನ್ನೇ ತೆಗೆದು ಕಂಪ್ಯೂಟರಿಗೆ ಸಂಬಂಧಿಸಿದ ಅಪರಾಧಗಳು ಎಂದು ಮಾಡಿದರು. ಅಪರಾಧ ಹಾಗೇ ಉಳಿಯಿತು, ಹೆಸರು ಮಾತ್ರ ಬಿಡುಗಡೆಯಾಯಿತು. ಪತ್ರಿಕೆಗಳಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಹಳೆಯ ಅರ್ಥದ ಹ್ಯಾಕರ್ ಕನ್ನಡದಲ್ಲಿ ಇದ್ದಾರೆಯೇ ಅಂತ ಕೇಳಿದರೆ ನಾನು ಕೆ. ಪಿ. ರಾವ್ ಅವರ ಹೆಸರು ಹೇಳುತ್ತೇನೆ. ದಕ್ಷಿಣ ಕನ್ನಡದ ಕಿನ್ನಿಕಂಬಳದವರು. ಕೆಲಸ ಮಾಡಿದ್ದು ಇದೇ ಮುಂಬೈಯಲ್ಲಿ, ಕೊಲಾಬಾದ ಟಿಐಎಫ್‌ಆರ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಅಚ್ಚು ಮತ್ತು ಅಕ್ಷರ ಜೋಡಣೆಯ ಉದ್ಯಮದಲ್ಲಿ. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳೊಳಗೇ ಇಡೀ ಕನ್ನಡ ಕೂರಬೇಕು ಅನ್ನುವುದು ಅವರ ಮುಂದಿದ್ದ ಸಮಸ್ಯೆ. ಪ್ರತಿ ಒತ್ತಕ್ಷರಕ್ಕೂ ಒಂದೊಂದು ಕೀಲಿ ಕೊಡಲು ಹೊರಟರೆ ನೂರಾರು ಬೇಕು. ಅವರು ಬಾಯಲ್ಲಿ ಹೇಳುವ ಕ್ರಮವನ್ನೇ ಹಿಡಿದರು. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ‘ಎಫ್’ ಕೀಲಿ ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿ. ‘ಕನ್ನಡ’ ಎಂದು ಬರೆಯಬೇಕಾದರೆ ಕೆ, ಎನ್, ಎಫ್, ಎನ್, ಡಬ್ಲ್ಯು. ಐದು ಒತ್ತು, ಮುಗಿಯಿತು. ನಕಾರದ ಒತ್ತು ಎಲ್ಲಿ ಕೂರಬೇಕು, ಹೇಗೆ ಕಾಣಬೇಕು ಅನ್ನುವುದು ಯಂತ್ರದ ತಲೆನೋವು, ಬರೆಯುವವರದ್ದಲ್ಲ. ಈ ವಿನ್ಯಾಸಕ್ಕೆ ಅವರು ದುಡ್ಡು ಕೇಳಲಿಲ್ಲ. ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟರು. ಕರ್ನಾಟಕ ಸರ್ಕಾರ ಒಪ್ಪಿದ ಕೀಲಿಮಣೆ ಅದನ್ನೇ ಆಧರಿಸಿದ್ದು, ನುಡಿ ತಂತ್ರಾಂಶದಲ್ಲಿ ಇರುವುದೂ ಅದೇ. ಇಲ್ಲಿ ಎಷ್ಟು ಜನ ನುಡಿಯಲ್ಲಿ ಸಂಘದ ಆಮಂತ್ರಣ ಟೈಪ್ ಮಾಡಿಲ್ಲ, ಹೇಳಿ.

ಇಷ್ಟು ನನ್ನ ಮಾತು. ಇನ್ನು ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದರು: ‘ಪುಣೆಯ ಕಾಸ್ಮೋಸ್ ಬ್ಯಾಂಕಿನಿಂದ ದುಡ್ಡು ಹೋಯಿತಲ್ಲ, ಅದು ಹ್ಯಾಕರ್‌ಗಳ ಕೆಲಸ ತಾನೇ?’

2018ರ ಆಗಸ್ಟ್, 94 ಕೋಟಿಗೂ ಜಾಸ್ತಿ. ಎಟಿಎಂನಲ್ಲಿ ಕಾರ್ಡ್ ಹಾಕಿದಾಗ ಬ್ಯಾಂಕಿನ ಮುಖ್ಯ ವ್ಯವಸ್ಥೆಗೆ ‘ಕೊಡಬಹುದಾ’ ಅಂತ ಒಂದು ಪ್ರಶ್ನೆ ಹೋಗುತ್ತದೆ. ಕಳ್ಳರು ನಡುವೆ ತಮ್ಮದೇ ಒಂದು ನಕಲಿ ಸ್ವಿಚ್ (ಇಂಥ ಪ್ರಶ್ನೆಗಳನ್ನು ದಾಟಿಸುವ ವ್ಯವಸ್ಥೆ) ಕೂರಿಸಿದರು. ಪ್ರಶ್ನೆ ಬ್ಯಾಂಕಿಗೆ ಮುಟ್ಟಲೇ ಇಲ್ಲ, ನಕಲಿಯೇ ‘ಕೊಡಿ’ ಎಂದಿತು. ಬೇರೆ ಬೇರೆ ದೇಶಗಳ ಎಟಿಎಂಗಳಿಂದ ನಕಲಿ ಕಾರ್ಡು ಹಾಕಿ ಹಣ ತೆಗೆದರು. ಇನ್ನಷ್ಟು ಹಣ ಹಾಂಗ್‌ಕಾಂಗಿಗೆ ಹೋಯಿತು. ಬುದ್ಧಿವಂತಿಕೆ ಇದೆ, ಇಲ್ಲ ಅನ್ನುವುದಿಲ್ಲ. ನಾನು ದರೋಡೆ ಅನ್ನುತ್ತೇನೆ, ನೀವು ಪತ್ರಿಕೆಯವರ ಹಾಗೆ ಹ್ಯಾಕಿಂಗ್ ಅಂದರೂ ಜಗಳಕ್ಕೆ ಬರುವುದಿಲ್ಲ.

‘ಒಟಿಪಿ ಕೇಳಿ ಮೋಸ ಮಾಡುವುದು?’ ಅಂತ ಹಿಂದಿನ ಸಾಲಿನಿಂದ.

ಅಲ್ಲಿ ಕಂಪ್ಯೂಟರಿಗೆ ಏನೂ ಆಗಿರುವುದಿಲ್ಲ ಸಾರ್, ಬಾಗಿಲು ತೆಗೆದುಕೊಟ್ಟದ್ದು ನಾವೇ. ದುಡ್ಡು ಹೋದರೆ ಹೊತ್ತು ಕಳೆಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ.

ಕೊನೆಗೆ ಒಬ್ಬ ತಾಯಿ: ‘ನಮ್ಮ ಹುಡುಗಿ ಹತ್ತನೇ ಕ್ಲಾಸು. ಹ್ಯಾಕರ್ ಆಗ್ತೀನಿ ಅಂತಾಳೆ. ಏನ್ ಮಾಡ್ಲಿ ಸರ್?’

ಆಗಲಿ ಬಿಡಿ ಅಮ್ಮ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅವಳಿಗೆ ಕೊಟ್ಟುಬಿಡಿ, ಕೆಟ್ಟರೂ ಪರವಾಗಿಲ್ಲ ಅಂತ ಹೇಳಿ ಕೊಡಿ. ಲಿನಕ್ಸ್ ಹಾಕಿಕೊಳ್ಳಲಿ. ಅವಳದೇ ಯಂತ್ರದಲ್ಲಿ ಏನು ಬೇಕಾದರೂ ಒಡೆದು ನೋಡಲಿ. ಶಾಲೆಯ ವೈಫೈ, ಪಕ್ಕದ ಮನೆಯವರ ರೌಟರ್ ಮುಟ್ಟಬಾರದು. ಐಟಿ ಕಾಯ್ದೆಯ 43ನೇ ಸೆಕ್ಷನ್ ಇರುವುದೇ ಅದಕ್ಕೆ, ಒಡೆಯರ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಸ್ವಲ್ಪ ಕೈ ಪಳಗಿದ ಮೇಲೆ ಬಗ್ ಬೌಂಟಿ ಅಂತ ಇರುತ್ತದೆ. ಎಷ್ಟೋ ದೊಡ್ಡ ಕಂಪನಿಗಳು ತಮ್ಮ ತಂತ್ರಾಂಶದ ತೂತು ಹುಡುಕಿ ಹೇಳಿದವರಿಗೆ ದುಡ್ಡು ಕೊಡುತ್ತವೆ. ಎಲ್ಲಿವರೆಗೆ ಹುಡುಕಬಹುದು ಅಂತ ಮೊದಲೇ ಬರೆದಿರುತ್ತಾರೆ, ಅದನ್ನು ಪೂರ್ತಿ ಓದಿಯೇ ಕೈ ಹಾಕಬೇಕು. ಕೆಲವು ಕಡೆ ವಯಸ್ಸಿನ ನಿಯಮ ಇರುತ್ತದೆ, ಆಗ ನಿಮ್ಮ ಸಹಿ ಬೇಕಾಗಬಹುದು.